ಓದಿದ ಜಾಗ

ನಾಚಾರಂನ ಕಾರ್ಖಾನೆಯೊಂದಕ್ಕೆ ಯಂತ್ರದ ಕೈಪಿಡಿ ಓದುವ ಆಪ್ ಮಾಡಿಕೊಟ್ಟಿದ್ದೆ. ನಡುವೆ ಫೋನ್ ಬಂದರೆ ಅದು ಮತ್ತೆ ಮೊದಲ ಸಾಲಿಗೇ ಹೋಗುತ್ತಿತ್ತು. ಮರುದಿನ ಆಪರೇಟರ್ ಪರೀಕ್ಷೆಗೆ ಕೂರಬೇಕಿದ್ದ ಅಲ್ಲಿಯ ಕೆಲಸಗಾರ್ತಿ, ಯಾದಗಿರಿಯ ಶರಣಮ್ಮ, "ಸರ, ಮೊದಲ್ನೇ ಪುಟ ಬಾಯಿಪಾಠ ಆಗೈತ್ರಿ. ಮುಂದಿಂದು ಯಾವಾಗ ಓದ್ಲಿ?" ಎಂದರು.

ಯಾವ ಸಾಲಿನವರೆಗೆ ಓದಿದ್ದೀರಿ ಎಂದು ತಿಳಿಯಲು, ಪುಟ ಮೇಲಿನಿಂದ ಎಷ್ಟು ಸರಿದಿದೆ ಎಂಬುದನ್ನು ಸಾಲಿನ ಎತ್ತರದಿಂದ ಭಾಗಿಸುತ್ತಿದ್ದೇನೆ, ಅಕ್ಷರ ದೊಡ್ಡದು ಮಾಡಿಕೊಂಡರೆ ಲೆಕ್ಕ ತಪ್ಪಿ ಆಪ್ ಮೊದಲಿಗೇ ಹೋಗುತ್ತದೆ ಎಂದು ವಿವರಿಸಿದೆ.

"ಮ್ಯಾಲಿಂದ ಯಾಕ ಎಣಸ್ತೀರಿ? ಈ ಮೂಲ್ಯಾಗ ಈಗ ಯಾವ ಅಕ್ಷರ ಕಾಣಾಕತ್ತೈತಿ ಅಂತ ಫೋನಿಗೇ ಕೇಳ್ರಿ," ಎಂದು ಪರದೆಯ ಎಡಮೂಲೆಗೆ ಬೆರಳಿಟ್ಟರು.

ಹುಡುಕಿದರೆ ಫೋನಿಗೆ ಹಾಗೆ ಕೇಳುವುದಕ್ಕೆಂದೇ ಪ್ರೋಗ್ರಾಮಿಂಗ್‌ನಲ್ಲಿ ಒಂದು ಕಮಾಂಡ್ ಇತ್ತು. ಕೇಳಿದೆ, ಹೇಳಿತು. ಫೋನ್ ಬಂದರೂ ಓದಿದ ಜಾಗ ಅಲ್ಲೇ ಉಳಿಯಿತು, ಶರಣಮ್ಮ ಪಾಸಾದರು.

ಕೈಪಿಡಿಯ ಕಟ್ಟಕಡೆಯ ಸಾಲಿನಲ್ಲಿ ಅವರ ಹೆಸರು ಬರೆದು ಕೃತಜ್ಞತೆ ಹೇಳಿದ್ದೇನೆ. ಆಪ್ ತೋರಿಸುವಂತೆ ಇದುವರೆಗೆ ಅಲ್ಲಿಯ ತನಕ ಓದಿದವರು ಅವರೊಬ್ಬರೇ.