ಹಂಗೈ ನರ್ಸಮ್ಮನ ಡಬ್ಬಿ

ಫುಕುಶಿಮಾದ ತಾತ್ಕಾಲಿಕ ಮನೆಗಳಿಗೆ ಬರುವ ಆರೋಗ್ಯ ಇಲಾಖೆಯ ನರ್ಸ್ ಹಂಗೈ ಅವರಿಗೆ ಶತ್ರುವೆಂದರೆ ಉಪ್ಪೊಂದೇ. ನೆಲ ನಡುಗಿ, ಸಮುದ್ರ ಉಕ್ಕಿ, ಅಣುಸ್ಥಾವರ ಸಿಡಿದು ಊರು ಬಿಟ್ಟು ಬಂದವರನ್ನೂ ಅವರು ಮೊದಲು ಕೇಳುವುದು, "ಇವತ್ತು ಸಾರಿಗೆ ಉಪ್ಪೆಷ್ಟು ಹಾಕಿದ್ರಿ?" ವಿಕಿರಣದ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸುವವರು ಉಪ್ಪಿನಕಾಯಿ ಕಂಡರೆ ಕನಲುತ್ತಾರೆ. ಅವರು ಬಂದರೆಂದು ಮುದುಕಿಯರು ಜಾಡಿಯನ್ನು ಹಾಸಿಗೆಯ ಹಿಂದೆ ಬಚ್ಚಿಡುತ್ತಾರೆ. ಹಂಗೈ ಅದನ್ನು ವಾಸನೆಯಿಂದಲೇ ಹಿಡಿಯುತ್ತಾರೆ. ಒಂಟಿಯಾಗಿರುವವರ ಮನೆಯಲ್ಲಿ ತಮ್ಮ ಊಟದ ಡಬ್ಬಿ ಮರೆತು ಬರುವುದು ಅವರ ಇನ್ನೊಂದು ಚಟ. ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದು ಅಲ್ಲಿಯ ಮರ್ಯಾದೆಯಲ್ಲ. ಹಾಗಾಗಿ ಯಾರು ಅಡುಗೆ ಮಾಡಿಕೊಳ್ಳುತ್ತಿದ್ದಾರೆ, ಯಾರು ಇಲ್ಲ ಎಂಬುದು ಡಬ್ಬಿಯಿಂದಲೇ ತಿಳಿಯುತ್ತದೆ. ಹೆಂಡತಿಯನ್ನು ಸಮುದ್ರಕ್ಕೆ ಕಳೆದುಕೊಂಡ ಯೋಶಿಜೊ ತಾತ ಮಾತ್ರ ಒಲೆ ಹಚ್ಚುತ್ತಿರಲಿಲ್ಲ, ಬಾಗಿಲೂ ತೆರೆಯುತ್ತಿರಲಿಲ್ಲ. ಹಂಗೈ ಅವರು ಮುಚ್ಚಿದ ಬಾಗಿಲಿಗೇ ಉಪ್ಪಿನ ಪಾಠ ಹೇಳಿ, ಹೊಸಿಲಲ್ಲಿ ತುಂಬಿದ ಡಬ್ಬಿ ಮರೆತು ಬರುತ್ತಿದ್ದರು. ಡಬ್ಬಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ನಿನ್ನೆ ತಾತನೇ ಡಬ್ಬಿ ಹಿಡಿದು ಬಂದ. ಒಳಗೆ ಬೇಯಿಸಿದ ಮೂಲಂಗಿ. ಒಂದು ಹೋಳು ಬಾಯಿಗಿಟ್ಟ ಹಂಗೈ ಮುಖ ಕಿವುಚಿದರು. "ತಾತ, ಚಿಟಿಕೆ ಉಪ್ಪಾದ್ರೂ ಹಾಕ್ಬಾರ್ದಿತ್ತಾ?" "ಬಾಗಿಲಾಚೆ ನಿಂತು ಬೇಡ ಬೇಡ ಅಂತ ಬಡ್ಕೊಂಡಿದ್ದು ಯಾರಮ್ಮ?" ಎಂದ ತಾತ. ಹಂಗೈ ಅವರು ಒಂದು ಹೋಳೂ ಬಿಡದೆ ತಿಂದು ಡಬ್ಬಿ ಖಾಲಿ ಮಾಡಿದರು.