ಬಲಗಡೆಯ ಅರಬ್ಬಿ ಸಾಲು

ಕಳೆದ ತಿಂಗಳು ಆಫೀಸಿನ ಕಬ್ಬಿಣದ ಬೀರು ಒರೆಸಲೆಂದು ಪುಸ್ತಕಗಳನ್ನೆಲ್ಲ ಕೆಳಗಿಳಿಸುತ್ತಿದ್ದೆ. ತಳದ ಅರೆಯಲ್ಲಿದ್ದ ದಪ್ಪ ಪುಸ್ತಕವೊಂದನ್ನು ತೆರೆದದ್ದೇ ತಡ, ಎರಡು ಸಲ ಸೀನು ಬಂತು. ದೂಳಿನಿಂದಲ್ಲ, ನಶ್ಯದಿಂದ. ಹಾಳೆಗಳ ಸಂದಿಯಲ್ಲಿ ಕಂದು ಪುಡಿ ಇನ್ನೂ ಕೂತಿತ್ತು. ನಮ್ಮ ಸೀನಿಯರ್ ತೀರಿಕೊಂಡು ಮೂರು ವರ್ಷವಾದರೂ ಆ ವಾಸನೆ ಹೋಗಿರಲಿಲ್ಲ... ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಕಾನೂನು ಪದವಿ ಮುಗಿದ ವರ್ಷವೇ ನಾನು ಅವರ ಹತ್ತಿರ ಜೂನಿಯರ್ ಆಗಿ ಸೇರಿದ್ದೆ. ನಮ್ಮೂರು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಸೀನಿಯರ್ ಮಾಗಡಿ ಕಡೆಯವರು, ಕೆಂಪಾಪುರದ ಪಕ್ಕದ ಹಳ್ಳಿ. ರಾಮನಗರದ ಕೋರ್ಟಿಗೆ ಹತ್ತು ಹೆಜ್ಜೆ ದೂರದಲ್ಲಿ, ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಅವರ ಆಫೀಸು. ಬರುತ್ತಿದ್ದದ್ದೆಲ್ಲ ಪಾಲು ವಿಭಾಗ, ಬದುವಿನ ಜಗಳ, ಜೀವನಾಂಶ. ಹೊರದೇಶ ಕಂಡವರಲ್ಲ, ಪಾಸ್‌ಪೋರ್ಟ್ ಕೂಡ ಮಾಡಿಸಿರಲಿಲ್ಲ. ಆದರೂ ಪರದೇಶದ ಕಾನೂನಿನ ಸಂಗತಿ ಬಂದರೆ ಸುತ್ತಲಿನ ನಾಲ್ಕು ಊರಿನ ವಕೀಲರೂ ಅವರ ಮೆಟ್ಟಿಲು ಹತ್ತುತ್ತಿದ್ದರು. ಪ್ರಾಯದಲ್ಲಿ ಎಂದೋ ಒಮ್ಮೆ, ಹೊರದೇಶದ ಕೋರ್ಟು ಕೊಟ್ಟ ವಿಚ್ಛೇದನದ ಆದೇಶವೊಂದನ್ನು ಸರಿಯಾಗಿ ವಿಚಾರಿಸದೆ ನಂಬಿ, ಚನ್ನಪಟ್ಟಣದ ಒಬ್ಬ ಹೆಣ್ಣುಮಗಳ ಕೇಸು ಕೆಡಿಸಿದ್ದರಂತೆ. ಅದನ್ನು ಅವರೇ ಹೇಳಿದ್ದರು, ಮುಚ್ಚುಮರೆಯಿಲ್ಲದೆ. ಅವತ್ತಿನಿಂದ ಓದಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ.

"ಪರದೇಶದ ಕಾನೂನು ನಮ್ ಕೋರ್ಟಿಗೆ ಕಾನೂನಲ್ಲ ಕಣಮ್ಮ, ಅದೊಂದು ಸಂಗತಿ. ಸಾಕ್ಷಿ ತಂದು ರುಜುವಾತು ಮಾಡ್ಬೇಕು. ನಂಗೊತ್ತು ಅಂತ ಬಾಯಲ್ಲಿ ಹೇಳಿದ್ರೆ ಆಗಕಿಲ್ಲ" ಎಂದು ನಾನು ಸೇರಿದ ವಾರವೇ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದು ಸುಲಭ.

ಎರಡನೇ ವರ್ಷದಲ್ಲಿ ಕನಕಪುರದ ಆಚೆಯ ಹಳ್ಳಿಯಿಂದ ಒಬ್ಬಾಕೆ ಬಂದಳು. ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು ಕುರಿ ಸಾಕುವ ಮನೆ. ಅವಳ ತಮ್ಮ, ಮೂವತ್ತು ದಾಟಿದವನು, ಏಜೆಂಟೊಬ್ಬನ ಮಾತು ನಂಬಿ ಕೊಲ್ಲಿಯ ಒಂದು ದೇಶಕ್ಕೆ ಹೋಗಿದ್ದ. ತಾಯಿಗೆ ಹುಷಾರಿಲ್ಲ, ಊರಿಗೆ ಕಳಿಸು ಎಂದು ಅಲ್ಲಿನ ದಣಿಯನ್ನು ಕೇಳಿದರೆ ಅವನು ಒಪ್ಪಲಿಲ್ಲ, ಪಾಸ್‌ಪೋರ್ಟನ್ನೂ ಕಿತ್ತಿಟ್ಟುಕೊಂಡಿದ್ದ. ಇವನು ಅಲ್ಲಿಂದ ಹೊರಬಿದ್ದ. ದಣಿ 'ಕೆಲಸದವನು ಓಡಿಹೋಗಿದ್ದಾನೆ' ಎಂದು ದೂರು ಕೊಟ್ಟ. ಆ ದೂರು ರದ್ದಾಗುವ ತನಕ ಅವನು ಆ ದೇಶ ಬಿಡುವ ಹಾಗಿರಲಿಲ್ಲ. ಪರಿಚಯದ ಡ್ರೈವರ್ ಒಬ್ಬನ ಕೋಣೆಯಲ್ಲಿ ಅವಿತುಕೊಂಡು ದಿನ ನೂಕುತ್ತಿದ್ದ.

"ನಮ್ಮವ್ವ ಬಾಗ್ಲು ನೋಡ್ಕೊಂಡು ಮಲಗವ್ಳೆ ಸ್ವಾಮಿ. ಅವ್ನು ಬತ್ತೀನಿ ಬತ್ತೀನಿ ಅಂತಾನೆ, ಬರಕ್ಕೇ ಆಯ್ತಿಲ್ಲ" ಎಂದಳು. ಪ್ಲಾಸ್ಟಿಕ್ ಕವರಿನಿಂದ ತಮ್ಮನ ಕೆಲಸದ ಕರಾರುಪತ್ರದ ನಕಲು ತೆಗೆದು ಮೇಜಿನ ಮೇಲಿಟ್ಟಳು. ಒಂದೇ ಹಾಳೆ, ಮೇಲಿಂದ ಕೆಳಕ್ಕೆ ಎರಡು ಸಾಲು. ಎಡಗಡೆ ಇಂಗ್ಲಿಷು, ಬಲಗಡೆ ಅರಬ್ಬಿ.

ಸೀನಿಯರ್ ಕನ್ನಡಕ ಮೇಲೇರಿಸಿ ಬಹಳ ಹೊತ್ತು ಅದನ್ನೇ ನೋಡಿದರು. "ಬಲಗಡೆ ಏನೈತಮ್ಮ?" ಎಂದು ನನ್ನನ್ನು ಕೇಳಿದರು.

"ಎಡಗಡೆ ಇರೋದೇ ಸರ್. ಅನುವಾದ."

"ಯಾರು ಹೇಳಿದ್ರು?"

ಅವರು ಅಷ್ಟಕ್ಕೆ ಬಿಟ್ಟು, ಆಕೆಗೆ "ನಾಕು ದಿನ ಟೈಮ್ ಕೊಡು ತಾಯಿ" ಎಂದರು. ಮಾರನೆಯ ದಿನ ನೆಂಟರಲ್ಲಿ ಯಾರೋ ತೀರಿಕೊಂಡರೆಂದು ಮಾಗಡಿಗೆ ಹೋದರು. ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು: "ಒಸಿ ತಡಿ. ಓದ್ತಾ ಇರು, ಏನೂ ಕಳಿಸ್ಬೇಡ."

ನಾನು ತಡೆಯಲಿಲ್ಲ. ಆ ದೇಶದ ಕಾರ್ಮಿಕ ಕಾನೂನಿನ ಇಂಗ್ಲಿಷ್ ಪ್ರತಿ ಅಂತರ್ಜಾಲದಲ್ಲಿ ಹತ್ತು ನಿಮಿಷಕ್ಕೆ ಸಿಕ್ಕಿತು. ಕರಾರಿನಲ್ಲಿ 'ತೋಟದ ಕೆಲಸಗಾರ' ಎಂದಿತ್ತು. ತೋಟದ ಕೆಲಸಗಾರರಿಗೆ ಏನೇನು ಹಕ್ಕು ಎಂದು ಹುಡುಕಿ, ಕಲಮುಗಳನ್ನು ಸಾಲಾಗಿ ಜೋಡಿಸಿ, ಅಲ್ಲಿನ ನಮ್ಮ ರಾಯಭಾರ ಕಚೇರಿಗೆ ಅರ್ಜಿ ಬರೆದೆ. ನಿಜ ಹೇಳಬೇಕೆಂದರೆ, ಬರೆದು ಮುಗಿಸಿದಾಗ ನನ್ನ ಬಗ್ಗೆ ನನಗೇ ಹೆಮ್ಮೆ ಎನಿಸಿತ್ತು. ಆಕೆಯನ್ನು ಕರೆಸಿ ಸಹಿ ಹಾಕಿಸಿದೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ಅದಾದ ಮೇಲೆ ಅರ್ಜಿಯನ್ನು ಇಟ್ಟುಕೊಂಡು ಕೂರಲು ಮನಸ್ಸಾಗಲಿಲ್ಲ. ಕಳಿಸಿಬಿಟ್ಟೆ.

ಸೀನಿಯರ್ ವಾಪಸು ಬಂದು ಕೇಳಿದಾಗ ಹೇಳಿದೆ. ಅವರು ನಶ್ಯದ ಡಬ್ಬಿ ತೆರೆದವರು ಹಾಗೇ ಮುಚ್ಚಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಒಂದು ಅರ್ಜಿ ಅಲ್ಲಿರುವಾಗ ಇನ್ನೊಂದು ಕಳಿಸಿದರೆ ಎರಡೂ ಗೋಜಲು, ಉತ್ತರ ಬರಲಿ ಎಂದರಷ್ಟೇ. ಉತ್ತರ ಬರಲು ಆರು ವಾರ ಹಿಡಿಯಿತು. ರಾಯಭಾರ ಕಚೇರಿಯವರು ನನ್ನ ಅರ್ಜಿಯನ್ನು ಅಲ್ಲಿನ ಕಾರ್ಮಿಕ ಇಲಾಖೆಗೆ ಕಳಿಸಿದ್ದರು, ಇಲಾಖೆ ತಳ್ಳಿಹಾಕಿತ್ತು. ಈ ವ್ಯಕ್ತಿ ನೀವು ಹೇಳಿದ ಕಾನೂನಿನ ಅಡಿ ಬರುವುದಿಲ್ಲ ಎಂಬ ಒಂದೇ ಸಾಲು. ಕಾರಣ ಬರೆದಿರಲಿಲ್ಲ.

ಆ ಕಾಗದ ಹಿಡಿದು ಅವರ ಮುಂದೆ ನಿಂತೆ. "ತಪ್ಪು ನಂದು ಸರ್."

"ಹೌದು, ನಿಂದೇ" ಎಂದರು. "ಈಗ ಕೂತ್ಕೊ. ಅವ್ಳನ್ನ ಕರೆಸು."

ಆಕೆ ಬಂದಳು. ಸೀನಿಯರ್ ಅವಳಿಗೆ ಕೇಳಿದ ಮೊದಲ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ. "ನಿನ್ ತಮ್ಮ ಅಲ್ಲಿ ದಿನಾ ಏನ್ ಕೆಲ್ಸ ಮಾಡ್ತಿದ್ದ, ತಾಯಿ?"

ಆಕೆ ತಲೆ ತಗ್ಗಿಸಿದಳು. "ಕುರಿ ಮೇಯಿಸ್ತಿದ್ದ ಸ್ವಾಮಿ. ಊರಲ್ಲಿ ಯಾರ್ಗೂ ಹೇಳ್ಬ್ಯಾಡ ಅಂದಿದ್ದ. ಕುರಿ ಕಾಯದು ಬ್ಯಾಡ ಅಂತ ಹೋದೋನು... ಅಲ್ಲೂ ಕುರಿನೇ ಕೊಟ್ರು."

ಇಷ್ಟು ವಾರಗಳಲ್ಲಿ ನಾನು ಅವಳನ್ನು ಎಷ್ಟೋ ಸಲ ನೋಡಿದ್ದೆ. ಈ ಪ್ರಶ್ನೆಯನ್ನು ಒಂದು ಸಲವೂ ಕೇಳಿರಲಿಲ್ಲ. ಕಾಗದ ಹೇಳಿದ್ದನ್ನು ನಂಬಿದ್ದೆ.

ಅವತ್ತು ಮಧ್ಯಾಹ್ನ ನನ್ನನ್ನು ಕರೆದುಕೊಂಡು ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಗೆ ನಡೆದರು. ಅಲ್ಲಿ ಮಕ್ಕಳಿಗೆ ಅರಬ್ಬಿ ಕಲಿಸುತ್ತಿದ್ದ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಹಜರತ್ ಎನ್ನುತ್ತಿದ್ದರು. ಅವರು ಕರಾರಿನ ಬಲಗಡೆಯ ಸಾಲಿನ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ರಾಈ ಅಂತ ಐತೆ ಸಾಹೇಬ್ರೆ. ಕುರಿ ಕಾಯೋನು. ಈ ಪದ ನಾವು ಚಿಕ್ಕಂದಿನಿಂದ ಓದಿರೋದು, ಅದರಲ್ಲಿ ಅನುಮಾನ ಇಲ್ಲ. ಮಿಕ್ಕಿದ್ದು ಕಾನೂನಿನ ಭಾಷೆ. ಅದಕ್ಕೆ ನಾನು ಗ್ಯಾರಂಟಿ ಕೊಡಲ್ಲ, ಬೇರೆಯವರನ್ನ ಕೇಳಿ."

ಹೊರಗೆ ಬಂದ ಮೇಲೆ ಸೀನಿಯರ್ ಹೇಳಿದರು: "ನೋಡ್ದಾ? ಎಲ್ಲಿವರ್ಗೂ ಗೊತ್ತು, ಎಲ್ಲಿಂದ ಗೊತ್ತಿಲ್ಲ ಅಂತ ಹೇಳೋ ಮನ್ಷ ಸಿಕ್ಬೇಕು. ಅಂಥೋರ ಮಾತು ನಂಬ್ಬೌದು."

ಎಡಗಡೆ ತೋಟದ ಕೆಲಸ, ಬಲಗಡೆ ಕುರಿ ಕಾಯುವ ಕೆಲಸ. ಇನ್ನು ಉಳಿದ ಪ್ರಶ್ನೆ: ಆ ದೇಶದಲ್ಲಿ ಯಾವ ಸಾಲಿಗೆ ಬೆಲೆ? ಮಾರನೆಯ ದಿನ ರೈಲು ಹತ್ತಿ ಬೆಂಗಳೂರಿನ ಕಾನೂನು ಕಾಲೇಜೊಂದರ ಗ್ರಂಥಾಲಯಕ್ಕೆ ಹೋದೆವು. ನಾನು ನೇರವಾಗಿ ಕಾಯ್ದೆಯ ಪಠ್ಯಕ್ಕೆ ಕೈ ಹಾಕಿದೆ. ಅವರು ಬೇಡವೆಂದು, ಆ ದೇಶದ ಕಾನೂನು ವ್ಯವಸ್ಥೆ ಹೇಗಿದೆ ಎಂದು ವಿವರಿಸುವ ಪುಸ್ತಕ ಮೊದಲು ತರಿಸಿದರು. ಯಾರು ಕಾನೂನು ಮಾಡುತ್ತಾರೆ, ಯಾವ ಕೋರ್ಟು ಏನು ಕೇಳುತ್ತದೆ, ಕಾನೂನು ಎಲ್ಲಿ ಪ್ರಕಟವಾಗುತ್ತದೆ. ದೊಡ್ಡ ಮನೆಗೆ ಹೋದಾಗ ಅಡುಗೆಮನೆ ಯಾವ ಕಡೆ ಎಂದು ಕೇಳದೆ ನುಗ್ಗಬಾರದು ಎಂದು ನಕ್ಕರು. ಆ ಪುಸ್ತಕದಲ್ಲೇ ಸಿಕ್ಕಿತು: ಅಲ್ಲಿ ಅರಬ್ಬಿ ಪಠ್ಯವೇ ಪ್ರಮಾಣ, ಇಂಗ್ಲಿಷು ಬರೀ ಅನುಕೂಲಕ್ಕೆ. ಕಾರ್ಮಿಕ ಕಾನೂನಿನಿಂದ ಮನೆಗೆಲಸದವರನ್ನೂ ಕುರಿ ಕಾಯುವವರನ್ನೂ ಹೊರಗಿಟ್ಟು, ಅವರಿಗೆ ಬೇರೆ ನಿಯಮಾವಳಿ, ಬೇರೆ ಸಮಿತಿ ಮಾಡಿದ್ದರು. ನಾನು ಹುಡುಕಿದ್ದ ಇಂಗ್ಲಿಷ್ ಪ್ರತಿಯೂ ಹಳೆಯದು, ತಿದ್ದುಪಡಿಗೆ ಮುಂಚಿನದು. ಮೇಲೆ ದಿನಾಂಕವೇ ಇರಲಿಲ್ಲ. ನಾನು ನೋಡಿಯೂ ಇರಲಿಲ್ಲ.

ಅವತ್ತು ಸಂಜೆಯ ತನಕ ಅವರು ಒಂದೊಂದೇ ಎಳೆ ಹಿಡಿದು ಎಳೆದರು. ನಮ್ಮ ದೇಶಕ್ಕೂ ಆ ದೇಶಕ್ಕೂ ಇಂಥ ಕೆಲಸಗಾರರ ಬಗ್ಗೆ ಒಂದು ಒಪ್ಪಂದ ಇತ್ತು. ನನಗೆ ಖುಷಿಯಾಯಿತು. "ಸಹಿ ಆಗೈತೆ, ಸರಿ. ಜಾರಿಗೆ ಬಂದೈತಾ?" ಎಂದರು. ಅದನ್ನು ನೋಡಲು ಇನ್ನೊಂದು ಕಡೆ ಹುಡುಕಬೇಕಾಯಿತು. ಬಂದಿತ್ತು. ಪ್ರತಿ ಹಾಳೆಯ ಮೂಲೆಯಲ್ಲಿ, ಎಲ್ಲಿ ಸಿಕ್ಕಿತು, ಯಾವ ದಿನ ನೋಡಿದೆವು ಎಂದು ಪೆನ್ಸಿಲಿನಲ್ಲಿ ಬರೆಸಿದರು. ಕೊನೆಗೆ, ರಾಯಭಾರ ಕಚೇರಿಯ ಪಟ್ಟಿಯಲ್ಲಿದ್ದ, ಅಲ್ಲೇ ಕೆಲಸ ಮಾಡುವ ಮಲಯಾಳಿ ಕಾನೂನು ಭಾಷಾಂತರಕಾರರೊಬ್ಬರಿಗೆ ಫೋನು ಮಾಡಿದೆವು. ನಮಗೆ ಸಿಕ್ಕಿದ್ದನ್ನೆಲ್ಲ ಅವರು ಮೂಲದ ಜೊತೆ ಹೋಲಿಸಿ ನೋಡಿ, ಸರಿ ಎಂದರು. ಇನ್ನೊಂದು ಮಾತನ್ನೂ ಹೇಳಿದರು: ದಣಿ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡದ್ದು ರುಜುವಾತಾದರೆ 'ಓಡಿಹೋದ' ದೂರನ್ನು ಆ ಸಮಿತಿ ರದ್ದು ಮಾಡಬಹುದು. ಇದು ಯಾವ ಪುಸ್ತಕದಲ್ಲೂ ನಮಗೆ ಕಂಡಿರಲಿಲ್ಲ.

ಎರಡನೇ ಅರ್ಜಿ ಹೋಯಿತು. ಈ ಸಲ ಸರಿಯಾದ ಬಾಗಿಲಿಗೆ, ಆ ಸಮಿತಿಗೆ, ಪಾಸ್‌ಪೋರ್ಟಿನ ಬಗ್ಗೆ ಡ್ರೈವರನ ಹೇಳಿಕೆಯ ಜೊತೆ. ಐದು ವಾರದಲ್ಲಿ ದೂರು ರದ್ದಾಯಿತು, ಅವನು ವಿಮಾನ ಹತ್ತಿದ.

ಅವನು ಊರು ಮುಟ್ಟುವ ಹೊತ್ತಿಗೆ ತಾಯಿ ಹೋಗಿ ಒಂಬತ್ತು ದಿನವಾಗಿತ್ತು.

ಹನ್ನೊಂದನೇ ದಿನದ ತಿಥಿಗೆ ನನ್ನನ್ನೂ ಕರೆದುಕೊಂಡು ಸೀನಿಯರ್ ಹೋದರು. ನಾನು ಬರುವುದಿಲ್ಲ ಎಂದೆ. "ಬರ್ಬೇಕು" ಎಂದರು, ಅಷ್ಟೇ. ಮನೆಯ ಮುಂದೆ ಚಪ್ಪರ, ಪಕ್ಕದಲ್ಲಿ ಕುರಿ ದೊಡ್ಡಿ. ಅವನು ತಲೆ ಬೋಳಿಸಿಕೊಂಡು, ಬಿಸಿಲಿಗೆ ಸುಟ್ಟು ಕಪ್ಪಾದ ಮುಖದಲ್ಲಿ ನಮ್ಮ ಕಡೆ ಬಂದ. ಕಾಲಿಗೆ ಬೀಳಲು ಬಗ್ಗಿದವನನ್ನು ಸೀನಿಯರ್ ತೋಳು ಹಿಡಿದು ನಿಲ್ಲಿಸಿದರು.

"ಕಾಲ್ಗೆ ಬೀಳ್ಬ್ಯಾಡ ಕಣಪ್ಪ. ಒಂದ್ ಮಾತು ಕೇಳು. ನಿಮ್ಮವ್ವನ್ನ ನೀನು ಉಸಿರಿದ್ದಾಗ ನೋಡ್ಬೌದಿತ್ತು. ನಾವು ಮೊದ್ಲು ಕಳಿಸಿದ ಅರ್ಜಿ ತಪ್ಪು. ಅದ್ರಿಂದ ಆರು ವಾರ ಹೋಯ್ತು. ತಪ್ಪು ನಮ್ದು."

ಅವನು ದೊಡ್ಡಿಯ ಕಡೆ ನೋಡಿದ. ಆಮೇಲೆ, "ಊಟ ಮಾಡ್ಕೊಂಡ್ ಹೋಗಿ" ಎಂದು ಒಳಗೆ ಹೋದ. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ. ಸೀನಿಯರ್ ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ನಾಳೆ ಹತ್ತಕ್ಕೆ ಬಾ. ಎಲ್ಲಿ ತಪ್ಪಿದ್ವಿ ಅಂತ ಆ ಫೈಲಲ್ಲಿ ಬರೆದಿಡಣ. ಇಂಥೋರು ಇನ್ನೂ ಬತ್ತಾರೆ."

ಬಂದರು. ಚನ್ನಪಟ್ಟಣದ ಒಬ್ಬ ನರ್ಸು, ಮಾಗಡಿಯ ಒಬ್ಬ ವೆಲ್ಡರನ ಹೆಂಡತಿ, ಕೆಂಗಲ್ ಹತ್ತಿರದ ಒಂದು ಮನೆಯವರು... ಅವರ ಪೈಕಿ ಯಾರ ಅರ್ಜಿಯೂ ತಪ್ಪು ಬಾಗಿಲಿಗೆ ಹೋಗಲಿಲ್ಲ. ಆಮೇಲೆ ಒಂದು ಬೇಸಿಗೆಯಲ್ಲಿ ಸೀನಿಯರ್ ಕೋರ್ಟಿನ ಮೆಟ್ಟಿಲ ಮೇಲೆ ಕುಸಿದು ಕೂತರು. ಆಸ್ಪತ್ರೆಯಲ್ಲಿ ಎರಡು ವಾರ ಇದ್ದರು, ಮನೆಗೆ ಮರಳಲಿಲ್ಲ. ನಾನು ದಿನಾ ಹೋಗುತ್ತಿದ್ದೆ. ಕನಕಪುರದ ಆಚೆಯ ಆ ಮನೆಗೆ ಹೋಗಿ ತಪ್ಪು ನಿನ್ನದೆಂದು ಹೇಳಿದೆಯಾ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ನಾನೂ ಆ ಮಾತು ತೆಗೆಯಲಿಲ್ಲ.

ಮೊನ್ನೆ ಕನಕಪುರದ ಕೋರ್ಟಿನಲ್ಲಿ ಕೆಲಸ ಬೇಗ ಮುಗಿಯಿತು. ರಾಮನಗರದ ಬಸ್ಸು ಹತ್ತುವ ಬದಲು ಆ ಹಳ್ಳಿಯ ಬಸ್ಸು ಹತ್ತಿದೆ. ಆಕೆಯ ತಮ್ಮ ಊರಾಚೆಯ ಗುಡ್ಡದ ಬುಡದಲ್ಲಿ ಕುರಿ ಮೇಯಿಸುತ್ತಿದ್ದ, ತನ್ನವೇ ಕುರಿ. ಗುರುತು ಹಿಡಿದು, ಹೆಗಲ ಮೇಲಿನ ಟವಲು ಕೊಡವಿ ಬಂಡೆಯ ಮೇಲೆ ಹಾಸಿದ. ನಾನು ಕೂರಲಿಲ್ಲ.

"ಆ ಮೊದಲ್ನೇ ಅರ್ಜಿ ಬರೆದಿದ್ದು ನಾನು. ಅವರು ತಡಿ ಅಂದಿದ್ರು. ನಾನು ಕೇಳದೆ ಕಳಿಸ್ದೆ."

"ಗೊತ್ತು ಕಣಕ್ಕ" ಎಂದ. "ಯಜಮಾನ್ರು ಮಾತಾಡ್ಬೇಕಾದ್ರೆ ನೀವು ನೆಲ ನೋಡ್ಕೊಂಡು ನಿಂತಿದ್ರಲ್ಲ."

"ಮತ್ತೆ ಯಾಕೆ ಏನೂ ಅನ್ಲಿಲ್ಲ?"

"ಅಷ್ಟ್ ವಯಸ್ಸಾದೋರು ನಮ್ದು ಅಂದ್ಬುಟ್ರು. ಇನ್ನೇನ್ ಅನ್ಲಿ?" ಕುರಿಗಳ ಕಡೆ ತಿರುಗಿ, "ಅವ್ವ ಒಂದ್ ಸಲ ನನ್ ಮಕ ನೋಡಿದ್ದಿದ್ರೆ..." ಎಂದ. ಒಂದು ಕುರಿ ಹೊಲದ ಕಡೆ ನುಗ್ಗಿತು. ಅದನ್ನು ತಿರುಗಿಸಲು ಹೋದ.

ಅವನು ವಾಪಸು ಬರುವ ತನಕ ನಿಂತಿದ್ದೆ. ಕನಕಪುರದ ಬಸ್ ನಿಲ್ದಾಣಕ್ಕೆ ಬಂದು ಬೆಂಚಿನ ಮೇಲೆ ಕೂತೆ. ಹೇಳಿಬಿಟ್ಟೆ ಸರ್ ಎಂದು ಹೇಳಬೇಕಾಗಿದ್ದದ್ದು ಒಬ್ಬರಿಗೇ. ರಾಮನಗರದ ಬಸ್ಸು ಬಂತು, ಹೋಯಿತು. ನಾನು ಇನ್ನೊಂದಕ್ಕೆ ಕಾದೆ.