ಅಣ್ಣು ಬಿಟ್ಟುಹೋದ ಗ್ರೂಪು

ಮುಂಬೈ ಕಾಂದಿವಲಿಯ ಆ ಚಾಳಿನಲ್ಲಿ ಸೇವಂತಿಯ ದನಿ ಏರುತ್ತಿದ್ದದ್ದು ನಲ್ಲಿಯ ಹತ್ತಿರ ಮಾತ್ರ. ಚಾಳಿನ ಮೀಟಿಂಗಿನಲ್ಲಿ ಚಹಾ ತಂದಿಟ್ಟು ಬಾಗಿಲ ಮರೆಗೆ ಸರಿಯುವವಳು. ಮಾತೆಲ್ಲ ಗಂಡ ಅಣ್ಣುವಿನದು. ದಾದರಿನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಆ ಮನುಷ್ಯ, ಚಾಳಿನ ವಾಟ್ಸಾಪ್ ಗ್ರೂಪಿಗೆ ಒಬ್ಬನೇ ಅಡ್ಮಿನ್. ಖೋಲಿಗೊಬ್ಬ, ಅಂದರೆ ಮನೆಗೊಬ್ಬ, ಗಂಡಸನ್ನು ಸೇರಿಸಿದ್ದ. ಬೈಕ್ ನಿಲ್ಲಿಸುವ ಜಗಳ ಅಲ್ಲಿ ಕೈಮೀರಿದಾಗ, ತನ್ನ ಹೊರತು ಯಾರೂ ಬರೆಯದಂತೆ ಬೀಗ ಜಡಿದಿದ್ದ.

ಬೀಗ ತೆಗೆಯುವ ಮೊದಲೇ ಹೃದಯಾಘಾತದಿಂದ ತೀರಿಕೊಂಡ.

ಉತ್ತರಕ್ರಿಯೆ ಮುಗಿದದ್ದೇ ಚಾಳಿನ ಸೆಕ್ರೆಟರಿ ಪರಪ್ಪ ಬಂದ. ಅಷ್ಟರಲ್ಲಿ ಚಾಳಿನವರು ಹೊಸ ಗ್ರೂಪು ಮಾಡಲು ಹೋಗಿ, ಬೈಕ್ ಜಗಳದ ಪಂಗಡಕ್ಕೊಂದರಂತೆ ಎರಡಾಗಿದ್ದವು; ಎಲ್ಲರೂ ಒಟ್ಟಿಗಿದ್ದದ್ದು ಅಣ್ಣುವಿನ ಗ್ರೂಪಿನಲ್ಲಿ ಮಾತ್ರ.

"ಅಕ್ಕಾರ, ಅಣ್ಣಾರ ಫೋನ್ ಸ್ವಲ್ಪ ಕೊಡ್ರಿ. ನಾ ಅಡ್ಮಿನ್ ಆಗಿ ಅವರ ನಂಬರ್ ತಗದ್ಬಿಡ್ತೀನಿ. ಸತ್ತವರ ಹೆಸರು ಗ್ರೂಪಿನ್ಯಾಗ ಯಾಕ?"

ಸೇವಂತಿ ಕೊಡಬೇಕೆಂದೇ ಎದ್ದಿದ್ದಳು. ಆ ಕೊನೆಯ ಮಾತು ಎದೆಗೆ ನಾಟಿತು.

"ನಾಳೆ ಬನ್ನಿ," ಅಂದಳು.

ಮಧ್ಯಾಹ್ನ ಗಂಡನ ಫೋನಿನಲ್ಲಿ ಗ್ರೂಪು ತೆರೆದು ಒತ್ತಿದರೆ, ಅಣ್ಣು ಹಿಂದೆಂದೋ ಕಳಿಸಿದ್ದ ದನಿ. "ನಾಳೆ ನೀರು ಬೇಗ ಬಂದು ಬೇಗ ಹೋಗ್ತದೆ, ತುಂಬಿಸಿ ಇಟ್ಕೊಳ್ಳಿ ಮಾರಾಯ್ರೆ." ಅಳು ಒತ್ತರಿಸಿ ಬಂತು. ಮತ್ತೊಂದು ಕೇಳಿದಳು, ಇನ್ನೊಂದು ಕೇಳಿದಳು. ಎಲ್ಲ ನೀರಿನ ಸುದ್ದಿಯೇ. ಅಳು ಆರಿ ಸಿಟ್ಟು ನೆತ್ತಿಗೇರಿತು. ಲೋಕಲ್ ರೈಲಿನಲ್ಲಿ ಜೋತಾಡುತ್ತ ಗಂಡಸರು ಹೆಬ್ಬೆರಳ ಚಿತ್ರ ಒತ್ತಿ ಮರೆಯುತ್ತಿದ್ದರು. ಕೊಡ ಹಿಡಿದು ಒಣ ನಲ್ಲಿಯ ಮುಂದೆ ನಿಲ್ಲುತ್ತಿದ್ದವರು ಹೆಂಗಸರು. ಪುಣ್ಯಾತ್ಮ ಅಣ್ಣುವೂ ಮನೆಯಲ್ಲಿ ಈ ಸುದ್ದಿ ಒಂದು ದಿನವೂ ಬಾಯಿಬಿಟ್ಟವನಲ್ಲ.

ಸಂಜೆ ಅವಳು ಖೋಲಿ ಖೋಲಿ ಸುತ್ತಿ ಹೆಂಗಸರ ನಂಬರು ತಂದಳು. ಗ್ರೂಪಿಗೆ ಸೇರಿಸುವುದು ಹೇಗೆಂದು ಪಕ್ಕದ ದಾನವ್ವ ತೋರಿಸಿಕೊಟ್ಟಳು.

ಮರುದಿನ ಪರಪ್ಪ ಬಾಗಿಲಲ್ಲಿ ಕೈಚಾಚಿದ. "ಫೋನ್ ಕೊಡ್ರಿ ಅಕ್ಕಾರ."

"ಎಂತಕ್ಕೆ? ನಿಮ್ಮದೇ ನೋಡಿ," ಎಂದು ಸೇವಂತಿ ಅಣ್ಣುವಿನ ಫೋನಿನ ಗುಂಡಿ ಒತ್ತಿ, ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ ಮಾತನ್ನು ಗ್ರೂಪಿಗೆ ಕಳಿಸಿದಳು.

ಪರಪ್ಪನ ಫೋನಿನಲ್ಲಿ ಅಣ್ಣುವಿನ ಹೆಸರು ಮೂಡಿತು. ಅವನ ಮುಖ ಬಿಳಿಚಿತು. ಒತ್ತಿದರೆ ಸೇವಂತಿಯ ದನಿ: "ನಾನು ಸೇವಂತಿ. ಅಣ್ಣುವಿನ ಹೆಸರು ಇಲ್ಲೇ ಇರ್ತದೆ, ಕೆಲಸ ನಾನು ಮಾಡ್ತೇನೆ. ಹೆಂಗಸರನ್ನೆಲ್ಲ ಸೇರಿಸಿದ್ದೇನೆ. ಇನ್ನು ಯಾರು ಬೇಕಾದ್ರೂ ಬರೀಬಹುದು. ಬೈಕಿನ ಸುದ್ದಿ ಎತ್ತಿದವರನ್ನು ಮಾತ್ರ ಹೊರಗೆ ಹಾಕ್ತೇನೆ."

ಅದೇ ಮಾತು ಪಕ್ಕದ ಖೋಲಿಯಿಂದ ಕೇಳಿಸಿತು, ಮೇಲಿನಿಂದ ಕೇಳಿಸಿತು, ಗ್ಯಾಲರಿಯ ಉದ್ದಕ್ಕೂ ಕೇಳಿಸಿತು. ಸೇವಂತಿ ಸೆರಗು ಸಿಕ್ಕಿಸಿ ನಿಂತಳು. ಅವಳಿಗೆ ಹಿಗ್ಗು ತಡೆಯಲಾಗಲಿಲ್ಲ.

ಗ್ರೂಪಿಗೆ ಮೊದಲ ಉತ್ತರ ಬಂತು. ಪರಪ್ಪನ ಹೆಂಡತಿಯದು: "ನಾಳೆ ನೀರು ಎಷ್ಟೊತ್ತಿಗ್ರಿ ಸೆಕ್ರೆಟರಿ ಸಾಹೇಬ್ರ?"

ಪರಪ್ಪ ಸೇವಂತಿಯ ಹೊಸಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಉತ್ತರ ಬರೆಯತೊಡಗಿದ.